ತಳ ಹಿಡಿದು ಕೂತ ಬೆಟ್ಟಾ ಮೀನು: ಮೊದಲು ನೀರು, ಆಮೇಲೆ ಔಷಧಿ

ಪ್ರಶ್ನೆ: ಎಂಟು ತಿಂಗಳಿಂದ ಒಂದು ನೀಲಿ ಗಂಡು ಬೆಟ್ಟಾ (ಫೈಟರ್ ಮೀನು) ಸಾಕುತ್ತಿದ್ದೇನೆ. ನಾಲ್ಕು ಲೀಟರ್ ಹಿಡಿಯುವ ಗಾಜಿನ ಬೌಲ್, ಫಿಲ್ಟರ್ ಇಲ್ಲ. ಹದಿನೈದು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಬೌಲ್, ಕಲ್ಲು ಎಲ್ಲ ಉಜ್ಜಿ ತೊಳೆದು ಹೊಸ ನೀರು ತುಂಬುತ್ತೇನೆ. ಒಂದು ವಾರದಿಂದ ಮೀನು ತಳದಲ್ಲಿ ಸುಮ್ನೆ ಕೂತಿರುತ್ತದೆ. ರೆಕ್ಕೆ ಮುದುರಿಕೊಂಡಿದೆ, ಬಾಲದ ಅಂಚು ಕಪ್ಪಾಗಿ ಹರಿದ ಹಾಗಿದೆ. ನಾಲ್ಕು ದಿನದಿಂದ ಏನೂ ತಿಂದಿಲ್ಲ. ಎರಡು ದಿನ ನೀಲಿ ಔಷಧಿ ಹಾಕಿದೆ, ಸ್ವಲ್ಪ ಉಪ್ಪೂ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಹಾಕಲಾ? ಮೀನು ಉಳಿಯುತ್ತಾ?

ಉತ್ತರ: ಕ್ಯಾಪ್ಸೂಲ್ ಹಾಕಬೇಡಿ. ಇವತ್ತು ಹೊಸದಾಗಿ ಯಾವ ಔಷಧಿಯನ್ನೂ ಹಾಕಬೇಡಿ. ನೀವು ಬರೆದದ್ದನ್ನು ಓದಿದರೆ ಇದು ಬಹುಪಾಲು ನೀರಿನಿಂದ ಶುರುವಾದ ಕಾಯಿಲೆ. ಬಾಲ ಕೊಳೆಯುತ್ತಿರುವುದು ನಿಜ, ಆದರೆ ಅದು ಆಮೇಲೆ ಬಂದದ್ದು. ಮೊದಲು ನೀರು ಕೆಟ್ಟಿದೆ, ಅದರಲ್ಲಿದ್ದು ಮೀನು ಸೊರಗಿದೆ, ಸೊರಗಿದ ಮೈಗೆ ಬ್ಯಾಕ್ಟೀರಿಯಾ ಹತ್ತಿದೆ. ಕೊಳೆತವು ಬಾಲದ ಬುಡದ ತನಕ ಇನ್ನೂ ಹೋಗಿಲ್ಲ ಅಂದರೆ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ನಾಲ್ಕು ದಿನ ತಿಂದಿಲ್ಲ ಅನ್ನುವುದಕ್ಕೆ ಗಾಬರಿ ಆಗಬೇಡಿ. ಚೆನ್ನಾಗಿ ಬೆಳೆದ ಬೆಟ್ಟಾ ಅಷ್ಟು ದಿನದ ಉಪವಾಸವನ್ನು ತಡೆದುಕೊಳ್ಳುತ್ತದೆ. ಅದಕ್ಕೆ ತಡೆದುಕೊಳ್ಳಲು ಆಗದಿರುವುದು ಅದು ಈಗ ಇರುವ ನೀರನ್ನು.

ಆ ನೀರಿನಲ್ಲಿ ಏನಾಗಿದೆ ಅಂತ ಹೇಳುತ್ತೇನೆ, ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಮೀನು ತನ್ನ ಕಿವಿರಿನ ಮೂಲಕ ದಿನವಿಡೀ ಅಮೋನಿಯಾ ಹೊರಗೆ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ, ಮೀನಿನ ಹೊಲಸು ಕೊಳೆತಾಗಲೂ ಅದೇ ಅಮೋನಿಯಾ. ಚೆನ್ನಾಗಿ ನೆಲೆಯಾದ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಮೇಲೆಲ್ಲ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆಗಾಗ ನೀರು ಬದಲಿಸಿದರೆ ಹೋಗುತ್ತದೆ. ಫಿಲ್ಟರ್ ಇಲ್ಲದ ನಿಮ್ಮ ಬೌಲಿನಲ್ಲಿ ಈ ಬ್ಯಾಕ್ಟೀರಿಯಾಕ್ಕೆ ಜಾಗವೇ ಕಡಿಮೆ. ಕಲ್ಲಿನ ಮೇಲೆ ಅಷ್ಟೋ ಇಷ್ಟೋ ಬೆಳೆದದ್ದು ನೀವು ಉಜ್ಜಿ ತೊಳೆದಾಗ ಹೋಗುತ್ತದೆ. ನೀವು ಮೀನಿನ ಮೇಲಿನ ಕಾಳಜಿಯಿಂದಲೇ ತೊಳೆದಿರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಸಲವೂ ಸೊನ್ನೆಯಿಂದ ಶುರುವಾಗಿ, ಮೊದಲ ಎರಡು ದಿನ ನೀರು ಚೆನ್ನಾಗಿದ್ದು, ಉಳಿದ ದಿನ ಅಮೋನಿಯಾ ಏರುತ್ತಲೇ ಹೋಗುತ್ತದೆ. ನೋಡಲು ನೀರು ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಬರಲಿಕ್ಕಿಲ್ಲ. ಕಣ್ಣಿಗೆ ಕಾಣುವುದನ್ನು ನಂಬಿ ನೀರು ಚೆನ್ನಾಗಿದೆ ಅನ್ನಲು ಆಗುವುದಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಔಷಧಿಯಲ್ಲ, ನೀರಿನ ಟೆಸ್ಟ್ ಕಿಟ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ನಾಲ್ಕೂ ತೋರಿಸುವಂಥದ್ದು. ಹನಿ ಹಾಕಿ ಬಣ್ಣ ನೋಡುವ ಕಿಟ್, ನೀರಿನಲ್ಲಿ ಅದ್ದುವ ಟೆಸ್ಟ್ ಪಟ್ಟಿಗಿಂತ ನಂಬಿಕೆಗೆ ಯೋಗ್ಯ. ಅಮೋನಿಯಾ ಸೊನ್ನೆ ಇರಬೇಕು, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಒಳಗಿದ್ದರೆ ಒಳ್ಳೆಯದು. ಅಮೋನಿಯಾ 0.25 ತೋರಿಸಿದರೂ ಅದು ಎಚ್ಚರಿಕೆಯೇ. ಜೊತೆಗೆ ಒಂದು ಥರ್ಮಾಮೀಟರ್. ಬೆಟ್ಟಾಕ್ಕೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಬೇಕು. 22ಕ್ಕಿಂತ ಕೆಳಗಿಳಿದರೆ ಜೀರ್ಣ ನಿಧಾನ, ರೋಗ ತಡೆಯುವ ಶಕ್ತಿಯೂ ನಿಧಾನ, ಮೀನು ಹೀಗೇ ತಳದಲ್ಲಿ ಮಂಕಾಗಿ ಕೂರುತ್ತದೆ. ಸಣ್ಣ ಬೌಲಿನಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ನಾಲ್ಕು ಲೀಟರ್ ನೀರು ಹಗಲು ಬೇಗ ಬಿಸಿಯಾಗಿ ರಾತ್ರಿ ಬೇಗ ತಣ್ಣಗಾಗುತ್ತದೆ. ಈ ಏರಿಳಿತವೇ ಮೀನನ್ನು ಸುಸ್ತು ಮಾಡುತ್ತದೆ.

ಈಗ ಇವತ್ತಿನ ಕೆಲಸ. ನೀರನ್ನು ಪೂರ್ತಿ ಒಂದೇ ಸಲ ಬದಲಿಸಬೇಡಿ. ಹಳೆಯ ನೀರಿನ ಪಿಎಚ್ ಸಾಮಾನ್ಯವಾಗಿ ಇಳಿದಿರುತ್ತದೆ. ಪಿಎಚ್ ಇಳಿದಾಗ ಅಮೋನಿಯಾದ ಹೆಚ್ಚಿನ ಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುತ್ತದೆ. ಒಮ್ಮೆಲೇ ಹೊಸ ನೀರು ಸುರಿದು ಪಿಎಚ್ ಏರಿಸಿದರೆ, ಉಳಿದ ಅಮೋನಿಯಂ ಮತ್ತೆ ವಿಷದ ರೂಪಕ್ಕೆ ತಿರುಗುತ್ತದೆ. ಜೊತೆಗೆ ಉಪ್ಪು, ಬಿಸಿ, ಗಡಸುತನ ಎಲ್ಲ ಒಂದೇ ನಿಮಿಷದಲ್ಲಿ ಬದಲಾದರೆ ಸೊರಗಿದ ಮೀನಿಗೆ ಆಘಾತವಾಗುತ್ತದೆ. ಮೂರನೇ ಒಂದು ಭಾಗ ನೀರು ತೆಗೆದು, ಅಷ್ಟೇ ಬಿಸಿಯ ಹೊಸ ನೀರನ್ನು ನಿಧಾನವಾಗಿ ಹಾಕಿ. ಒಂದೆರಡು ಗಂಟೆ ಬಿಟ್ಟು ಇನ್ನೊಂದು ಸಲ ಅಷ್ಟೇ. ಸಂಜೆ ಮತ್ತೊಂದು ಸಲ. ನಾಳೆಯಿಂದ ದಿನಕ್ಕೆ ಅರ್ಧ ನೀರು ಬದಲಿಸುತ್ತಾ ಹೋಗಿ. ಸಣ್ಣ ಪಾತ್ರೆಯಲ್ಲಿ ಕಾಯಿಲೆ ಮೀನನ್ನು ಇಟ್ಟುಕೊಂಡಿರುವಾಗ ದಿನವೂ ನೀರು ಬದಲಿಸದೆ ಬೇರೆ ದಾರಿಯಿಲ್ಲ.

ಹೊಸ ನೀರಿನಲ್ಲಿ ಕ್ಲೋರಿನ್ ಇರಬಾರದು. ನಲ್ಲಿಯ ನೀರಾದರೆ ಅಕ್ವೇರಿಯಂಗೆಂದೇ ಸಿಗುವ ಡೀಕ್ಲೋರಿನೇಟರ್ ಹನಿಯನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ. ನೀರನ್ನು ಒಂದು ದಿನ ತೆರೆದಿಟ್ಟರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಬರೀ ಕ್ಲೋರಿನ್ ಆದರೆ ಅದು ಸರಿ, ಆರಿಹೋಗುತ್ತದೆ. ಕ್ಲೋರಿನ್, ಅಮೋನಿಯಾ ಸೇರಿ ಆಗುವ ಕ್ಲೋರಮಿನ್ ಹಾಕಿ ಶುದ್ಧ ಮಾಡಿದ ನೀರಾದರೆ ದಿನಗಟ್ಟಲೆ ತೆರೆದಿಟ್ಟರೂ ಹೋಗುವುದಿಲ್ಲ. ಆರ್‌ಓ ನೀರು ಒಂದನ್ನೇ ಹಾಕುವುದೂ ಬೇಡ, ಮೀನಿಗೆ ಬೇಕಾದ ಲವಣಗಳು ಅದರಲ್ಲಿ ಇರುವುದಿಲ್ಲ.

ಸಾಧ್ಯವಾದರೆ ಮೀನನ್ನು ಇಡಲು ಒಂದು ಅಗಲವಾದ ಪ್ಲಾಸ್ಟಿಕ್ ಡಬ್ಬ ಮಾಡಿಕೊಳ್ಳಿ, ಐದಾರು ಲೀಟರ್ ಹಿಡಿಯುವುದು, ಸೋಪು ಮುಟ್ಟದ್ದು. ಆಳ ಬೇಡ. ಇದು ಬೆಟ್ಟಾದ ವಿಷಯದಲ್ಲಿ ಮುಖ್ಯ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನುವ ಇನ್ನೊಂದು ಅಂಗ ಇದೆ, ಅದರಿಂದ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಮೈಯಲ್ಲಿ ಶಕ್ತಿ ಇಲ್ಲದ ಮೀನಿಗೆ ಆಳದಿಂದ ಪ್ರತಿ ಸಲ ಮೇಲೆ ಬರುವುದೇ ದೊಡ್ಡ ಕೆಲಸ. ಒಂದು ಗೇಣಿಗಿಂತ ಕಡಿಮೆ ನೀರಿದ್ದರೆ ಅದಕ್ಕೆ ಆರಾಮ. ಮೇಲೆ ಸ್ವಲ್ಪ ಗಾಳಿಯಾಡುವ ಹಾಗೆ ಮುಚ್ಚಳ ಇಡಿ. ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಮುಚ್ಚಳ ಇದ್ದರೆ ಮೀನು ಹಾರಿ ಹೊರಗೆ ಬೀಳುವುದೂ ತಪ್ಪುತ್ತದೆ. ಒರಗಿಕೊಳ್ಳಲು ಒಂದು ಮೆತ್ತನೆಯ ರೇಷ್ಮೆ ಎಲೆಯೋ ನಿಜವಾದ ಜಲಸಸ್ಯವೋ ನೀರಿನ ಮೇಲ್ಭಾಗದ ಹತ್ತಿರ ಇರಲಿ. ಕಲ್ಲು, ಮರಳು ಬೇಡ. ತಳ ಖಾಲಿ ಇದ್ದರೆ ಹೊಲಸು ಕಾಣುತ್ತದೆ, ತೆಗೆಯುವುದೂ ಸುಲಭ. ಸಣ್ಣ ಹೀಟರ್ ಸಿಕ್ಕರೆ ಹಾಕಿ, ಥರ್ಮೋಸ್ಟಾಟ್ ಇರುವಂಥದ್ದು. ಜೋರು ಬೆಳಕು ಬೇಡ, ಡಬ್ಬಕ್ಕೆ ಒಂದು ಬಟ್ಟೆ ಹೊದಿಸಿದರೂ ಸರಿ.

ಉಪ್ಪು. "ಸ್ವಲ್ಪ" ಅಂದಿದ್ದೀರಿ, ಎಷ್ಟು ಅಂತ ಗೊತ್ತಿಲ್ಲದೆ ಉಪ್ಪು ಹಾಕಬಾರದು. ಬಾಲ ಕೊಳೆಯುವುದಕ್ಕೆ, ಸಣ್ಣ ಗಾಯಕ್ಕೆ ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ, ಎರಡನೇ ದಿನ 2 ಗ್ರಾಂವರೆಗೆ ಏರಿಸಬಹುದು. ಸಮ ಮಾಡಿದ ಒಂದು ಟೀ ಚಮಚ ಅಂದರೆ ಸುಮಾರು 5ರಿಂದ 6 ಗ್ರಾಂ, ಅಂದರೆ ಐದು ಲೀಟರಿಗೆ ಮೊದಲ ದಿನ ಒಂದು ಚಮಚ. ಏನೂ ಬೆರೆಸದ ಶುದ್ಧ ಉಪ್ಪು, ಅಕ್ವೇರಿಯಂ ಉಪ್ಪು ಅಂತಲೇ ಸಿಗುತ್ತದೆ. ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಹಾಕಿ, ಹರಳು ಮೀನಿನ ಮೈಗೆ ತಾಗಬಾರದು. ಇಲ್ಲಿ ಎಲ್ಲರೂ ತಪ್ಪು ಮಾಡುವ ಒಂದು ವಿಷಯ ಇದೆ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಎರಡು ಲೀಟರ್ ತೆಗೆದು ಎರಡು ಲೀಟರ್ ಹಾಕಿದರೆ ಆ ಎರಡು ಲೀಟರಿನ ಉಪ್ಪನ್ನಷ್ಟೇ ಸೇರಿಸಿ. ದಿನವೂ ಪೂರ್ತಿ ಅಳತೆ ಹಾಕುತ್ತಾ ಹೋದರೆ ಒಂದು ವಾರದಲ್ಲಿ ಮೀನಿನ ಮೂತ್ರಪಿಂಡಕ್ಕೇ ಹೊರೆಯಾಗುತ್ತದೆ. ಒಟ್ಟು ಹತ್ತು ದಿನಕ್ಕಿಂತ ಜಾಸ್ತಿ ಬೇಡ. ಈಗಾಗಲೇ ಹಾಕಿರುವ ಉಪ್ಪಿನ ಲೆಕ್ಕ ಸಿಗದಿದ್ದರೆ, ಇವತ್ತಿನ ನೀರು ಬದಲಾವಣೆ ಎಲ್ಲ ಮುಗಿದ ಮೇಲೆ ನಾಳೆ ಹೊಸದಾಗಿ ಲೆಕ್ಕ ಶುರು ಮಾಡಿ. ನೀರಿನಲ್ಲಿ ನೈಟ್ರೈಟ್ ಇದ್ದರೂ ಉಪ್ಪು ಒಳ್ಳೆಯದೇ. ಉಪ್ಪಿನಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗುವುದನ್ನು ತಡೆಯುತ್ತದೆ.

ನೀವು ಹಾಕಿದ ನೀಲಿ ಔಷಧಿ ಮೆಥಿಲೀನ್ ಬ್ಲೂ ಇರಬೇಕು. ಅದು ಕೆಟ್ಟ ಔಷಧಿಯೇನಲ್ಲ. ಶಿಲೀಂಧ್ರಕ್ಕೆ, ಮೊಟ್ಟೆಗೆ ಬೂಸಲು ಹಿಡಿಯದ ಹಾಗೆ, ನೈಟ್ರೈಟ್ ವಿಷವೇರಿದ ಮೀನಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬಾಲ ಕೊಳೆಸುವ ಬ್ಯಾಕ್ಟೀರಿಯಾದ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೇ. ಇನ್ನೊಂದು ಕಷ್ಟ, ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಹಾಗಾಗಿ ಮುಖ್ಯ ತೊಟ್ಟಿಗೆ ಅದನ್ನು ಎಂದೂ ಹಾಕಬಾರದು, ಬೇರೆ ಡಬ್ಬದಲ್ಲಷ್ಟೇ. ನೀರು ಬದಲಿಸುತ್ತಾ ಹೋದ ಹಾಗೆ ಬಣ್ಣ ತಾನಾಗಿ ಇಳಿಯುತ್ತದೆ. ಮತ್ತೆ ಹಾಕಬೇಡಿ.

ಇನ್ನು ಮೀನನ್ನು ಸರಿಯಾಗಿ ನೋಡಿ. ಇದಕ್ಕೆ ಹದಿನೈದು ನಿಮಿಷ ಕೊಡಿ, ಅವಸರ ಮಾಡಬೇಡಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಮೈಮೇಲೆ, ಅದರಲ್ಲೂ ತಲೆಯ ಹಿಂದೆ, ಚಿನ್ನದ ಪುಡಿ ಉದುರಿಸಿದ ಹಾಗೆ ಅಥವಾ ತುಕ್ಕಿನ ಬಣ್ಣದ ದೂಳಿನ ಹಾಗೆ ಕಂಡರೆ ಅದು ವೆಲ್ವೆಟ್ ಅನ್ನುವ ಪರಾವಲಂಬಿ. ರೆಕ್ಕೆ ಮುದುರುವುದು, ಮೈಯನ್ನು ಕಲ್ಲಿಗೆ ಉಜ್ಜುವುದು, ಊಟ ಬಿಡುವುದು ಇದರಲ್ಲೂ ಇರುತ್ತದೆ. ಹಗಲು ಬೆಳಕಿನಲ್ಲಿ ನೋಡಿದರೆ ಸುಲಭಕ್ಕೆ ಕಾಣುವುದಿಲ್ಲ. ನಿಮ್ಮ ಮೀನಿನಲ್ಲಿ ಇದು ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ವೆಲ್ವೆಟ್ ಜೀವಿ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ, ಆದ್ದರಿಂದ ಡಬ್ಬವನ್ನು ಪೂರ್ತಿ ಕತ್ತಲಲ್ಲಿ ಇಟ್ಟು ಅದಕ್ಕೆಂದೇ ಇರುವ ತಾಮ್ರದ ಔಷಧಿಯನ್ನು ಬಾಟಲಿಯ ಅಳತೆಯಂತೆ ಹಾಕಬೇಕಾಗುತ್ತದೆ. ಅಳತೆ ಮೀರಿದರೆ ತಾಮ್ರ ಮೀನಿಗೂ ವಿಷ. ಬಸವನಹುಳು, ಸಿಗಡಿ ಇದ್ದ ತೊಟ್ಟಿಗೆ ಅದನ್ನು ಹಾಕಲೇಬಾರದು.

ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ, ಒಂದೊಂದನ್ನೇ ಎಣಿಸಲು ಆಗುವಂತೆ ಇದ್ದರೆ ಅದು ಇಕ್ ಅನ್ನುವ ಇನ್ನೊಂದು ಪರಾವಲಂಬಿ. ಚುಕ್ಕೆ ಮೈಮೇಲೆ ಇರುವಾಗ ಆ ಜೀವಿ ಚರ್ಮದ ಒಳಗೆ ಇರುತ್ತದೆ, ಔಷಧಿ ಅದಕ್ಕೆ ತಾಗುವುದಿಲ್ಲ. ಚುಕ್ಕೆ ಉದುರಿ ತಳಕ್ಕೆ ಬಿದ್ದು, ಒಂದು ನೂರಾರು ಆಗಿ, ಹೊಸ ಮರಿಗಳು ಇನ್ನೊಂದು ಮೀನನ್ನು ಹುಡುಕಿಕೊಂಡು ಈಜುವಾಗ ಮಾತ್ರ ಅವನ್ನು ಕೊಲ್ಲಬಹುದು. ಅದಕ್ಕೇ ಚುಕ್ಕೆ ಹೋದ ಮೇಲೂ ಕೆಲವು ದಿನ ಔಷಧಿ ಮುಂದುವರಿಸಬೇಕು. ನೀರನ್ನು ನಿಧಾನವಾಗಿ 28, 29 ಡಿಗ್ರಿಗೆ ಏರಿಸಿದರೆ ಆ ಚಕ್ರ ಬೇಗ ತಿರುಗುತ್ತದೆ, ಔಷಧಿಗೂ ಬೇಗ ಸಿಕ್ಕಿಕೊಳ್ಳುತ್ತದೆ.

ಆದರೆ ಬಾಯಿಯ ಸುತ್ತ ಬೂದು ಬಿಳಿ ಪೊರೆ, ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಪಟ್ಟಿ ಕಂಡರೆ ಕಥೆಯೇ ಬೇರೆ. ಅದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ನೋಡಲು ಹತ್ತಿಯಂತಿರುವುದರಿಂದ ಬೂಸಲು ಅಂದುಕೊಂಡು ಜನ ಮೋಸ ಹೋಗುತ್ತಾರೆ. ಬೆಚ್ಚಗಿನ ನೀರಿನಲ್ಲಿ ಅದು ಇನ್ನೂ ಜೋರಾಗಿ ಹಬ್ಬುತ್ತದೆ, ಒಂದೆರಡು ದಿನದಲ್ಲಿ ಮೀನನ್ನು ಕೊಲ್ಲಬಲ್ಲದು. ಇಕ್‌ಗೆ ಬಿಸಿ ಏರಿಸಬೇಕು, ಇದಕ್ಕೆ 24ರ ಹತ್ತಿರ ಇಳಿಸಬೇಕು. ಏನು ಕಾಯಿಲೆ ಅಂತ ನೋಡದೆ ಯಾರೋ ಹೇಳಿದ್ದನ್ನು ಮಾಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಒಂದಕ್ಕೆ ಒಳ್ಳೆಯದಾಗುವ ಕೆಲಸವೇ ಇನ್ನೊಂದರಲ್ಲಿ ಮೀನನ್ನು ಬೇಗ ಸಾಯಿಸುತ್ತದೆ.

ಬಾಲವನ್ನೂ ಹತ್ತಿರದಿಂದ ನೋಡಿ. ಅಂಚು ಕಪ್ಪು, ಕಂದು ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಒಳಗೆ ಬರುತ್ತಿದ್ದರೆ ಕೊಳೆತ. ರಾತ್ರಿ ಬೆಳಗಾಗುವುದರೊಳಗೆ ಒಂದು ತುಂಡು ಕತ್ತರಿಸಿ ತೆಗೆದ ಹಾಗೆ ಹೋಗಿ, ಅಂಚು ಶುಭ್ರವಾಗಿದ್ದರೆ ಮೀನು ತಾನೇ ಬಾಲ ಕಚ್ಚಿಕೊಳ್ಳುತ್ತಿದೆ ಅಥವಾ ಚೂಪಾದ ಅಲಂಕಾರಕ್ಕೆ ಸಿಕ್ಕಿ ಹರಿದಿದೆ. ಬೇಸರ, ಒತ್ತಡ, ಜೋರಾದ ನೀರಿನ ಹರಿವು ಇದ್ದಾಗ ಉದ್ದ ಬಾಲದ ಗಂಡುಗಳು ಹಾಗೆ ಕಚ್ಚಿಕೊಳ್ಳುವುದುಂಟು. ನಿಮ್ಮದರಲ್ಲಿ ಅಂಚು ಕಪ್ಪು ಅಂದಿದ್ದೀರಿ, ಒಂದು ವಾರದಿಂದ ಇದೆ, ಹಾಗಾಗಿ ಕೊಳೆತವೇ ಅಂತ ನನ್ನ ಅಂದಾಜು. ಕಪ್ಪು ಅಂಚು ಅಮೋನಿಯಾದಿಂದ ಸುಟ್ಟು ಮಾಯುವಾಗಲೂ ಬರುತ್ತದೆ. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ ಆಗಿರುವುದು ನಮ್ಮ ಅದೃಷ್ಟ. ದಿನವೂ ಒಂದೇ ಜಾಗದಿಂದ, ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ನೆನಪಿನಿಂದ ಹೋಲಿಸಿದರೆ ಜಾಸ್ತಿಯಾಯಿತೋ ಕಡಿಮೆಯಾಯಿತೋ ಹೇಳಲು ಬರುವುದಿಲ್ಲ.

ಈಗ ಕ್ಯಾಪ್ಸೂಲ್ ವಿಷಯ. ಮನುಷ್ಯರ ಅಮಾಕ್ಸಿಸಿಲಿನ್ ಒಡೆದು ಹಾಕುವುದನ್ನು ಬಹಳ ಕಡೆ ನೋಡುತ್ತೇನೆ. ಬ್ಯಾಕ್ಟೀರಿಯಾಗಳನ್ನು ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಅಂತ ಎರಡು ದೊಡ್ಡ ಗುಂಪು ಮಾಡುತ್ತಾರೆ, ಅದು ಹೆಚ್ಚಾಗಿ ಗ್ರಾಂ ಪಾಸಿಟಿವ್ ಗುಂಪಿನ ಮೇಲೆ ಕೆಲಸ ಮಾಡುತ್ತದೆ. ಸಿಹಿನೀರಿನ ಮೀನುಗಳಿಗೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಗ್ರಾಂ ನೆಗೆಟಿವ್. ಟೆಟ್ರಾಸೈಕ್ಲಿನ್ ಹಾಕಿದರೆ ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು, ಅದರ ಶಕ್ತಿ ಇಳಿದುಹೋಗುತ್ತದೆ. ಐದು ಲೀಟರಿಗೆ ಎಷ್ಟು, ಎಷ್ಟು ದಿನ ಅಂತ ಲೆಕ್ಕವಿಲ್ಲದೆ ಹಾಕಿದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಅರ್ಧ ಸತ್ತು, ಉಳಿದ ಅರ್ಧ ಆ ಔಷಧಿಗೆ ಬಗ್ಗದ ಹಾಗೆ ಬಲಿಯುತ್ತದೆ. ಆಂಟಿಬಯಾಟಿಕ್ ಬೇಕಾಗುವ ಸಂದರ್ಭ ಇಲ್ಲ ಅನ್ನುತ್ತಿಲ್ಲ. ಕೊಳೆತವು ಬಾಲದ ಬುಡವನ್ನು ಮುಟ್ಟಿದರೆ, ಮೈಮೇಲೆ ಕೆಂಪು ಗೆರೆ ಅಥವಾ ಹುಣ್ಣು ಎದ್ದರೆ, ಶುದ್ಧ ನೀರಿನಲ್ಲಿ ನಾಲ್ಕೈದು ದಿನ ಇಟ್ಟರೂ ಕೊಳೆತ ಮುಂದುವರಿದರೆ ಬೇಕಾಗುತ್ತದೆ. ಆಗ ಮೀನುಗಳನ್ನು ನೋಡುವ ಪಶುವೈದ್ಯರಿಂದ ಔಷಧಿ ಮತ್ತು ಅಳತೆ ಎರಡನ್ನೂ ಬರೆಸಿಕೊಳ್ಳಿ. ಫೋಟೊ ಮತ್ತು ನೀರಿನ ಟೆಸ್ಟ್ ಅಂಕಿಗಳನ್ನು ತೋರಿಸಿದರೆ ಅವರ ಕೆಲಸವೂ ಸುಲಭ. ಔಷಧಿ ಯಾವುದೇ ಆಗಲಿ, ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ಎರಡು ಔಷಧಿಗಳನ್ನು ಒಟ್ಟಿಗೆ ಹಾಕಬೇಡಿ.

ಬಾದಾಮಿ ಎಲೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಡುಬಾದಾಮಿಯ ಒಣ ಎಲೆ ನೀರಿಗೆ ಟ್ಯಾನಿನ್ ಬಿಡುತ್ತದೆ, ನೀರು ಚಹದ ಬಣ್ಣಕ್ಕೆ ತಿರುಗುತ್ತದೆ. ಬೆಟ್ಟಾಕ್ಕೆ ಅದು ಹಿತ, ಬೆಳಕನ್ನೂ ಮಂದ ಮಾಡುತ್ತದೆ. ಒಂದು ತುಂಡು ಹಾಕಿ, ಬೇಡ ಅನ್ನುವುದಿಲ್ಲ. ಅದನ್ನೇ ಔಷಧಿ ಅಂತ ನಂಬಿ ನೀರು ಬದಲಿಸುವುದನ್ನು ಬಿಡಬೇಡಿ, ಅಷ್ಟೇ.

ಊಟ. ಇನ್ನೂ ಎರಡು ದಿನ ಏನೂ ಹಾಕಬೇಡಿ. ತಿನ್ನದ ಮೀನಿಗೆ ಹಾಕಿದ ಕಾಳು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ನೀರು ಸರಿಯಾಗಿ, ಮೀನು ಸ್ವಲ್ಪ ಚುರುಕಾದ ಮೇಲೆ ಒಂದೇ ಒಂದು ಕಾಳು, ಅಥವಾ ಅದಕ್ಕಿಂತ ಒಳ್ಳೆಯದು ಡ್ಯಾಫ್ನಿಯಾ ಅನ್ನುವ ಪುಟ್ಟ ಜಲಜೀವಿ, ಫ್ರೀಜ್ ಮಾಡಿದ ಬ್ರೈನ್ ಶ್ರಿಂಪ್, ಹಾಕಿ ನೋಡಿ. ಅಲುಗಾಡುವ ಆಹಾರ ಕಂಡರೆ ಮಂಕಾದ ಬೆಟ್ಟಾವೂ ತಿರುಗಿ ನೋಡುತ್ತದೆ. ಐದು ನಿಮಿಷದಲ್ಲಿ ತಿನ್ನದಿದ್ದರೆ ಡ್ರಾಪರ್‌ನಿಂದ ತೆಗೆದುಬಿಡಿ. ಬೆಟ್ಟಾದ ಹೊಟ್ಟೆ ಬಹಳ ಸಣ್ಣದು, ಹೆಚ್ಚು ಕಡಿಮೆ ಅದರ ಕಣ್ಣಿನಷ್ಟೇ ಅಂದುಕೊಳ್ಳಿ. ಪೂರ್ತಿ ಚೇತರಿಸಿಕೊಂಡ ಮೇಲೂ ದಿನಕ್ಕೆ ಎರಡು ಹೊತ್ತು ಎರಡು ಮೂರು ಕಾಳು ಸಾಕು. ಬೇಯಿಸಿದ ಬಟಾಣಿ ಕೊಡಿ ಅನ್ನುವ ಸಲಹೆ ಬಹಳ ಓಡಾಡುತ್ತದೆ, ಅದನ್ನು ಬಿಡಿ. ಬೆಟ್ಟಾ ಹುಳು, ಸೊಳ್ಳೆ ಮರಿ ತಿಂದು ಬದುಕುವ ಮೀನು, ಬಟಾಣಿ ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಮಲಬದ್ಧತೆಗೆ ಡ್ಯಾಫ್ನಿಯಾವೇ ಒಳ್ಳೆಯದು.

ಮಲಬದ್ಧತೆ ಅಂದೆ, ಹಾಗಾಗಿ ಹೊಟ್ಟೆ ಊದುವುದರ ಬಗ್ಗೆಯೂ ಎರಡು ಮಾತು. ಮೀನು ಒಂದು ಪಕ್ಕಕ್ಕೆ ವಾಲಿ ತೇಲುತ್ತಿದ್ದರೆ, ಹೊಟ್ಟೆ ದುಂಡಗಾಗಿದ್ದರೆ ಅದು ಜಾಸ್ತಿ ತಿಂದದ್ದರಿಂದ ಆಗಿರುವುದೇ ಹೆಚ್ಚು. ಎರಡು ಮೂರು ದಿನ ಉಪವಾಸ, ಬೆಚ್ಚಗಿನ ನೀರು, ಬೇಕಾದರೆ ಎಪ್ಸಮ್ ಸಾಲ್ಟ್ ಸ್ನಾನ. ಲೀಟರಿಗೆ ಒಂದು ಟೀ ಚಮಚ, 10ರಿಂದ 15 ನಿಮಿಷ, ಪಕ್ಕದಲ್ಲೇ ನಿಂತು ನೋಡುತ್ತಾ ಮಾಡಬೇಕು. ಮೀನು ವಾಲಿದರೆ ತಕ್ಷಣ ತೆಗೆಯಿರಿ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್, ಮೇಲೆ ಹೇಳಿದ ಉಪ್ಪು ಸೋಡಿಯಂ ಕ್ಲೋರೈಡ್. ಎರಡೂ ಬೇರೆ ಬೇರೆ, ಒಂದರ ಬದಲು ಇನ್ನೊಂದು ಹಾಕಬೇಡಿ. ಮೇಲಿನಿಂದ ನೋಡಿದಾಗ ಹುರುಪೆಗಳು ಎಲ್ಲ ಎದ್ದು ನಿಂತು ಪೈನ್ ಕಾಯಿಯ ಹಾಗೆ ಕಂಡರೆ ಅದು ಡ್ರಾಪ್ಸಿ. ಅದು ಒಂದು ಕಾಯಿಲೆಯ ಹೆಸರಲ್ಲ, ಒಳಗಿನ ಅಂಗ, ಹೆಚ್ಚಾಗಿ ಮೂತ್ರಪಿಂಡ, ಕೈಕೊಟ್ಟದ್ದರ ಗುರುತು. ಅಷ್ಟರ ಮಟ್ಟಿಗೆ ಹೋದ ಬೆಟ್ಟಾ ಉಳಿಯುವುದು ಬಹಳ ಅಪರೂಪ. ಇದನ್ನು ನಿಮಗೆ ಮುಚ್ಚಿಡಲಾರೆ. ಅಲ್ಲಿಗೆ ಬಂದ ಮೀನು ಉಸಿರಿಗೇ ಒದ್ದಾಡುತ್ತಿದ್ದರೆ ಅದನ್ನು ನೋವಿಲ್ಲದೆ ಕಳಿಸುವ ದಾರಿಯನ್ನು ಪಶುವೈದ್ಯರ ಬಳಿ ಕೇಳಿ, ಅವರು ಅರಿವಳಿಕೆಯ ಮೂಲಕ ಮಾಡುತ್ತಾರೆ. ಜೀವಂತ ಮೀನನ್ನು ಫ್ರೀಜರಿಗೆ ಹಾಕುವುದು, ಟಾಯ್ಲೆಟ್ಟಿಗೆ ಸುರಿಯುವುದು ಕ್ರೂರ, ಯಾರು ಹೇಳಿದರೂ ಮಾಡಬೇಡಿ. ನಿಮ್ಮ ಮೀನಿನಲ್ಲಿ ಹೊಟ್ಟೆ ಊದಿದ ಬಗ್ಗೆ ಏನೂ ಬರೆದಿಲ್ಲ, ಅದು ಸಮಾಧಾನದ ವಿಷಯ.

ಚೇತರಿಕೆ ಹೇಗೆ ಗೊತ್ತಾಗುತ್ತದೆ? ಮೊದಲು ರೆಕ್ಕೆ ಬಿಚ್ಚುತ್ತದೆ. ನೀರು ಶುದ್ಧವಾದ ಎರಡು ಮೂರು ದಿನದಲ್ಲಿ ಇದು ಕಾಣಬೇಕು. ಆಮೇಲೆ ನೀವು ಹತ್ತಿರ ಹೋದಾಗ ತಿರುಗುತ್ತದೆ, ಆಮೇಲೆ ಊಟ. ಬಾಲ ಕೊನೆಗೆ. ಒಂದೆರಡು ವಾರದಲ್ಲಿ ಹರಿದ ಅಂಚಿನಲ್ಲಿ ತೆಳುವಾದ, ಬಣ್ಣವಿಲ್ಲದ ಪೊರೆ ಬೆಳೆಯುತ್ತದೆ. ಅದನ್ನು ನೋಡಿ ಬೂಸಲು ಬಂತು ಅಂತ ಮತ್ತೆ ಔಷಧಿ ಸುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದು ಹೊಸ ಬಾಲ. ಬಣ್ಣ ತುಂಬಲು ಇನ್ನೂ ವಾರಗಟ್ಟಲೆ ಬೇಕು, ಕೆಲವು ಸಲ ಮೊದಲಿನ ಆಕಾರ ಪೂರ್ತಿ ಬರುವುದಿಲ್ಲ, ಅದರಿಂದ ಮೀನಿಗೇನೂ ತೊಂದರೆ ಇಲ್ಲ. ಬೆಟ್ಟಾ ರಾತ್ರಿ ತಳದಲ್ಲೋ ಎಲೆಯ ಮೇಲೋ ಒರಗಿ ಮಲಗುವುದು ಸಹಜ, ಪ್ರತಿ ಸಲ ತಳ ಹಿಡಿದಾಗಲೂ ಹೆದರಬೇಡಿ. ಹಾಗೆಯೇ ನೀರಿನ ಮೇಲೆ ಗುಳ್ಳೆಗೂಡು ಕಟ್ಟಿತು, ಇನ್ನು ಆರೋಗ್ಯ ಸರಿಯಿದೆ ಅಂತಲೂ ತೀರ್ಮಾನಿಸಬೇಡಿ. ಗಂಡು ಬೆಟ್ಟಾ ಕೆಟ್ಟ ನೀರಿನಲ್ಲೂ ಗೂಡು ಕಟ್ಟುತ್ತದೆ.

ನಿಮ್ಮ ಕೈ ಬಗ್ಗೆಯೂ ಎಚ್ಚರ ಇರಲಿ. ಮೀನುಗಳಿಗೆ ಬರುವ ಮೈಕೋಬ್ಯಾಕ್ಟೀರಿಯಂ ಜಾತಿಯ ಒಂದು ಸೋಂಕು ಚರ್ಮದ ಗಾಯದ ಮೂಲಕ ಮನುಷ್ಯರಿಗೂ ಬರಬಹುದು. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ, ನೀರು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಪೈಪಿನಿಂದ ನೀರು ತೆಗೆಯುವಾಗ ಬಾಯಿಯಿಂದ ಎಳೆಯಬೇಡಿ.

ಮೀನು ಡಬ್ಬದಲ್ಲಿ ಚೇತರಿಸಿಕೊಳ್ಳುತ್ತಿರುವ ಹೊತ್ತಿನಲ್ಲಿ ಅದಕ್ಕೆ ಹೊಸ ಮನೆ ತಯಾರು ಮಾಡಿ. ಇದನ್ನು ನಾನು ಸಲಹೆ ಅಂತ ಹೇಳುತ್ತಿಲ್ಲ, ಚಿಕಿತ್ಸೆಯ ಭಾಗ ಅಂತಲೇ ಹೇಳುತ್ತಿದ್ದೇನೆ. ಮತ್ತೆ ಅದೇ ಬೌಲಿಗೆ ಹೋದರೆ ಎರಡು ತಿಂಗಳಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಬೆಟ್ಟಾ ಥಾಯ್ಲೆಂಡಿನ ಗದ್ದೆಗಳು, ಜೌಗು, ನಿಂತ ನೀರಿನ ಮೀನು, ಆ ದೇಶ 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿದೆ. ಗದ್ದೆಯ ನೀರು ಆಳವಿಲ್ಲ ಅನ್ನುವುದನ್ನು ಹಿಡಿದುಕೊಂಡು ಸಣ್ಣ ಬೌಲಾದರೂ ನಡೆಯುತ್ತದೆ ಅನ್ನುವ ಮಾತು ಹಬ್ಬಿದೆ. ಗದ್ದೆಯಲ್ಲಿ ನೀರು ಆಳವಿಲ್ಲದಿದ್ದರೂ ಅಗಲಕ್ಕೆ ಲೆಕ್ಕವಿಲ್ಲ, ಗಿಡ ಇದೆ, ಮಣ್ಣಿದೆ, ಅಮೋನಿಯಾ ಒಂದೇ ಕಡೆ ಸೇರುವುದಿಲ್ಲ. 20 ಲೀಟರ್ ತೊಟ್ಟಿ, ನಿಧಾನವಾಗಿ ಹರಿಯುವ ಸ್ಪಂಜ್ ಫಿಲ್ಟರ್, ಹೀಟರ್, ಮುಚ್ಚಳ, ಒಂದಿಷ್ಟು ಜಲಸಸ್ಯ, ಇಷ್ಟು ಇರಲಿ. ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚೆನ್ನಾಗಿ ನಡೆಯುತ್ತಿರುವ, ಕಾಯಿಲೆ ಇಲ್ಲದ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ದಿನ ಬಿಟ್ಟು ದಿನ ಟೆಸ್ಟ್ ಮಾಡಿ. ಆಮೇಲೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡಿ.

ಅಂಗಡಿಯಿಂದ ತಂದಾಗ ಗಂಡು ಬೆಟ್ಟಾಕ್ಕೆ ಸಾಮಾನ್ಯವಾಗಿ ಅರ್ಧ ವರ್ಷವಾದರೂ ಆಗಿರುತ್ತದೆ, ಅಂದರೆ ನಿಮ್ಮದಕ್ಕೆ ಈಗ ಕಡಿಮೆ ಅಂದರೂ ಒಂದು ವರ್ಷ ಎರಡು ತಿಂಗಳು. ಚೆನ್ನಾಗಿ ನೋಡಿಕೊಂಡರೆ ಇವು ಮೂರು ವರ್ಷ, ಕೆಲವು ಅದಕ್ಕಿಂತಲೂ ಜಾಸ್ತಿ ಬದುಕುತ್ತವೆ. ಇದು ಮುಪ್ಪಿನಿಂದ ಬಂದ ಸುಸ್ತಲ್ಲ. ಖಾಲಿಯಾದ ಬೌಲನ್ನು ಎಸೆಯಬೇಡಿ. ಸೋಪು ಹಾಕದೆ ಬಿಸಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಡಿ, ನೀರು ಬದಲಿಸುವಾಗ ಹೊಸ ನೀರನ್ನು ಹದ ಮಾಡಿಕೊಳ್ಳಲು ಬೇಕಾಗುತ್ತದೆ. ಅದರಲ್ಲಿ ಇನ್ನೊಂದು ಬೆಟ್ಟಾ ತಂದು ಬಿಡುವುದು ಮಾತ್ರ ಬೇಡ.